ಶುಕ್ರವಾರಗಳನ್ನು ಕೊಟ್ಟು ಓದಿದ ಡಿಗ್ರಿ

ನನ್ನ ಹೆಂಡತಿ ಕೆಂಚಮ್ಮನ ತಿಥಿಯ ಊಟ ಮುಗಿದು, ಬಂದವರು ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾಗ ಮಾಡದಕೆರೆಯ ನಮ್ಮ ನೆಂಟರ ಹುಡುಗಿ ಲಾವಣ್ಯ ನನ್ನ ಪಕ್ಕಕ್ಕೆ ಬಂದು ಕೂತಳು. ಸಮಾಧಾನದ ಮಾತು ಹೇಳಲು ಬಂದಿದ್ದಾಳೆ ಎಂದುಕೊಂಡೆ. "ದೊಡ್ಡಪ್ಪ, ಈ ಹೊತ್ನಾಗೆ ಕೇಳಬಾರ್ದು, ಆದ್ರೂ ಕೇಳ್ತೀನಿ. ನಂಗೆ ಮಸ್ಕತ್‌ನಾಗೆ ಒಂದು ಆಫೀಸಲ್ಲಿ ಕೆಲ್ಸ ಆಗೈತೆ. ಅಲ್ಲಿ ಕೆಲ್ಸ ಮಾಡ್ಕಂತ ಎಂಬಿಎ ಓದಕ್ಕೆ ಆಗುತ್ತಾ?" ಎಂದಳು.

"ಲೇ, ಸಾವಿನ ಮನೇಲಿ ಕೇಳೋ ಮಾತೇನೇ ಇದು?" ಎಂದು ಅವಳ ತಾಯಿ ಗದರಿದಳು.

ನನಗೆ ಬೇಸರವಾಗಲಿಲ್ಲ. ಅಷ್ಟು ದಿನದಿಂದ ಬಂದವರೆಲ್ಲ ಒಂದೇ ಮಾತನ್ನು ಹೇಳಿ ಹೋಗುತ್ತಿದ್ದರು. ಇದು ಬೇರೆ ಮಾತಾಗಿತ್ತು. "ಆಗುತ್ತೆ ಕಣವ್ವ. ಹೆಂಗೆ ಅಂತ ಬರೆದು ಕೊಡ್ತೀನಿ" ಎಂದೆ. ಅವಳು ಹೋಗಿ ಕೆಲಸಕ್ಕೆ ಸೇರಿಯೂ ಆಯಿತು. ನಾನು ಈಗ ಬರೆಯಲು ಕೂತಿದ್ದೇನೆ. ಹಿರಿಯೂರಿನ ಈ ಮನೆಯಲ್ಲಿ ಮಧ್ಯಾಹ್ನಗಳು ಉದ್ದ. ಬರೆಯುತ್ತಿದ್ದರೆ ಕಳೆಯುತ್ತವೆ.

ನಾನು ಧರ್ಮಪುರದ ಕಡೆಯ ಒಂದು ಹಟ್ಟಿಯವನು. ಕುರಿ ಕಾಯುವ ಮನೆ. ಪಿಯುಸಿ ಪಾಸಾದ ಮೇಲೆ ಧರ್ಮಪುರ–ಹಿರಿಯೂರು ಓಡುವ ಪ್ರೈವೇಟ್ ಬಸ್ಸಿನಲ್ಲಿ ಮೊದಲು ಕಂಡಕ್ಟರ್, ಆಮೇಲೆ ಡ್ರೈವರ್ ಆದೆ. ಅಲ್ಲಿಂದ ಮಸ್ಕತ್ತಿನ ಒಂದು ಕಂಪನಿಗೆ ಹೋದೆ. ರಸ್ತೆ ಬದಿಯ ಗಿಡ, ಹುಲ್ಲುಹಾಸು, ಖರ್ಜೂರದ ಮರಗಳನ್ನು ನೋಡಿಕೊಳ್ಳುವ ಕಂಪನಿ ಅದು. ಕೆಲಸದವರನ್ನು ಬೆಳಗ್ಗೆ ಕ್ಯಾಂಪಿನಿಂದ ಕೂರಿಸಿಕೊಂಡು ಹೋಗಿ ಅಲ್ಲಲ್ಲಿ ಇಳಿಸುವುದು, ಸಂಜೆ ಹತ್ತಿಸಿಕೊಂಡು ಬರುವುದು ನನ್ನ ಕೆಲಸ. ಅಲ್ಲಿಗೆ ಹೋದವರು ಸಾಮಾನ್ಯವಾಗಿ ಬಿಸಿಲಿನ ಕಥೆ ಹೇಳುತ್ತಾರೆ. ಧರ್ಮಪುರದವನಿಗೆ ಬಿಸಿಲು ಹೊಸದಲ್ಲ. ಹೊಸದಾಗಿದ್ದದ್ದು, ಸಂಜೆ ಬಸ್ಸು ನಿಲ್ಲಿಸಿ ಇಳಿದ ಮೇಲೆ ಯಾರ ಮನೆಗೂ ಹೋಗುವಂತಿಲ್ಲ ಎಂಬುದು.

ಕೆಂಚಮ್ಮ ನನ್ನ ದೊಡ್ಡ ಅಕ್ಕನ ಮಗಳು. ಚಿಕ್ಕಂದಿನಿಂದ ನನ್ನನ್ನು ಮಾವ ಎನ್ನುತ್ತಿದ್ದಳು, ಮದುವೆಯಾದ ಮೇಲೂ ಹಾಗೇ ಎಂದಳು. ಎರಡು ವರ್ಷಕ್ಕೊಮ್ಮೆ ರಜೆಗೆ ಬಂದಾಗ ಒಟ್ಟಿಗೆ ಇದ್ದದ್ದು ಬಿಟ್ಟರೆ ನಮ್ಮದು ಫೋನಿನ ಸಂಸಾರ. ಮಕ್ಕಳಾಗಲಿಲ್ಲ. ಅದನ್ನು ಹಟ್ಟಿಯ ಜನ ಅವಳನ್ನೇ ಕೇಳುತ್ತಿದ್ದರು. ಗಂಡ ಊರಲ್ಲೇ ಇಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನಮ್ಮ ಕಂಪನಿಯಲ್ಲಿ ಡ್ರೈವರ್‌ಗಳು ಹೆಂಡತಿಯನ್ನು ಕರೆಸಿಕೊಳ್ಳುವ ಹಾಗಿರಲಿಲ್ಲ. ಆಫೀಸಿನ ಹುದ್ದೆಯವರಿಗೆ ಮಾತ್ರ ಕುಟುಂಬದ ವೀಸಾಕ್ಕೆ ಕಾಗದ ಕೊಡುತ್ತಿದ್ದರು. ಯಾವ ಬಸ್ಸು ಎಲ್ಲಿಗೆ ಹೋಗಬೇಕೆಂದು ಗೊತ್ತು ಮಾಡುವ ಒಂದು ಕುರ್ಚಿ ಆಫೀಸಿನಲ್ಲಿತ್ತು. ಅದಕ್ಕೆ ಡಿಗ್ರಿ ಬೇಕು. ನಾನು ಬಿಸಿನೆಸ್ ಓದಿದ್ದು ಬಿಸಿನೆಸ್ ಮೇಲಿನ ಆಸೆಯಿಂದಲ್ಲ. ಲಾವಣ್ಯ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏತಕ್ಕೆ ಓದುತ್ತಿದ್ದೇವೆ ಎಂಬುದು ಒಂದೇ ಮಾತಿನಲ್ಲಿ ಹೇಳಲು ಬರುವಂತಿರಬೇಕು. ದಣಿದು ಬಂದ ದಿನ ಎರಡನೇ ಮಾತು ನೆನಪಿಗೆ ಬರುವುದಿಲ್ಲ.

ಓದಿನ ಕಥೆಗೆ ಮೊದಲು ಒಂದು ಎಡವಟ್ಟಿನ ಕಥೆ ಹೇಳಬೇಕು. ಅದಿಲ್ಲದಿದ್ದರೆ ನನ್ನ ಓದು ನಡೆಯುತ್ತಲೇ ಇರಲಿಲ್ಲ.

ನಮ್ಮ ಹಟ್ಟಿಯಲ್ಲಿ ಕುರಿಯನ್ನು ಬಾಯಿಬಿಟ್ಟು ಎಣಿಸುವುದಿಲ್ಲ. ಎಣಿಸಿದರೆ ಮಂದೆಗೆ ಕಣ್ಣು ತಾಗುತ್ತದೆ ಎನ್ನುತ್ತಾರೆ. ಸಂಜೆ ರೊಪ್ಪಕ್ಕೆ ಕೂಡುವಾಗ ಬಾಗಿಲಲ್ಲಿ ನಿಂತು ಮುಖ ನೋಡುತ್ತಾರೆ, ಅಷ್ಟೆ. ಯಾವುದು ಬಂದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಮಸ್ಕತ್ತಿನಲ್ಲಿ ನಾನು ಬಸ್ಸಿನ ಜನರನ್ನೂ ಹಾಗೆಯೇ ನೋಡುತ್ತಿದ್ದೆ. ಬೇರೆ ಡ್ರೈವರ್‌ಗಳು ಬೆರಳು ಚಾಚಿ ತಲೆ ಎಣಿಸುತ್ತಿದ್ದರು. ನನಗೆ ಮನುಷ್ಯರನ್ನು ಹಾಗೆ ಎಣಿಸಲು ಕೈ ಏಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿ ಹೊರಡುತ್ತಿದ್ದೆ. ವರ್ಷಗಟ್ಟಲೆ ತಪ್ಪಾಗಲಿಲ್ಲ.

ಒಂದು ವಾರ ಹೊಸಬರ ತಂಡ ಬಂತು. ಅವರ ಮುಖಗಳು ನನಗೆ ಇನ್ನೂ ಕೂತಿರಲಿಲ್ಲ. ಸಂಜೆ ಎಂದಿನಂತೆ ಕಣ್ಣಾಡಿಸಿದೆ, ಯಾರೂ ಬಿಟ್ಟುಹೋಗಿಲ್ಲ ಅನ್ನಿಸಿತು, ಹೊರಟೆ. ಕ್ಯಾಂಪಿನಲ್ಲಿ ಊಟಕ್ಕೆ ಕೂತಿದ್ದಾಗ ಮೀನಿನ ಪಿಕಪ್ಪಿನಿಂದ ಒಬ್ಬ ಇಳಿದು ನೇರವಾಗಿ ನನ್ನ ಮುಂದೆ ಬಂದು ನಿಂತ. ಮೈಯೆಲ್ಲ ಮೀನಿನ ವಾಸನೆ. ನನ್ನ ಮಾತು ಕೇಳಿ ಯಾವ ಸೀಮೆಯವನೆಂದು ಆಗಲೇ ಗುರುತು ಹಿಡಿದಿದ್ದನಂತೆ.

"ಏನಣ್ಣ, ದುರ್ಗದ ಕಡೆಯೋನು ಅಂತ ಗೊತ್ತಾಗೇ ಬಿಟ್ಟು ಬಂದ್ಯಾ?" ಎಂದ.

"ನೀನ್ಯಾರಪ್ಪ?"

"ಹೊಳಲ್ಕೆರೆ ತಿಪ್ಪೇಸ್ವಾಮಿ. ನಾನೂ ಡ್ರೈವರ‍್ರೇ. ಇಲ್ಲಿ ಲೈಸೆನ್ಸ್ ಕೊಡೋ ತನಕ ಗಿಡಕ್ಕೆ ನೀರು ಬಿಡು ಅಂದವ್ರೆ. ಪೈಪ್ ಸುತ್ತಿಟ್ಟು ಬರಾಷ್ಟೊತ್ತಿಗೆ ನಿನ್ ಬಸ್ಸಿನ ಹಿಂದಿನ ಲೈಟು ಕಾಣ್ತು."

ನಾನು ತಟ್ಟೆ ಬಿಟ್ಟು ಎದ್ದೆ. ಅವನು ನನ್ನನ್ನು ಕೂರಿಸಿ, ನನ್ನ ತಟ್ಟೆಯಲ್ಲೇ ಒಂದು ಚಪಾತಿ ಎತ್ತಿಕೊಂಡು ತಿನ್ನತೊಡಗಿದ. ನಮ್ಮ ಸ್ನೇಹ ಹಾಗೆ ಶುರುವಾಯಿತು.

ಮಾರನೆಯ ದಿನ ನಮ್ಮ ಮೇಲಧಿಕಾರಿ ಸಾಲಿಂ ಸಾಹೇಬರು ಕರೆಸಿದರು. ಅಲ್ಲಿನವರೇ, ದೊಡ್ಡ ದನಿಯ ಮನುಷ್ಯ. ನಮ್ಮ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ನಾನು ಎಣಿಸದೆ ಇರುವ ಕಾರಣವನ್ನು ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಅವರ ಅಜ್ಜನ ಮನೆಯಲ್ಲೂ ಆಡುಗಳಿದ್ದವಂತೆ. "ಮುಖ ಗೊತ್ತಿದ್ದವರನ್ನು ನೀನು ನೋಡಿಕೊಳ್ಳುತ್ತೀ. ಮುಖ ಗೊತ್ತಿಲ್ಲದವನನ್ನು ಯಾರು ನೋಡಿಕೊಳ್ಳಬೇಕು?" ಎಂದು ಕೇಳಿದರು. ಅಂದಿನಿಂದ ಪ್ರತಿಯೊಬ್ಬನಿಗೂ ಒಂದು ಸೀಟು ಗೊತ್ತು ಮಾಡಿದೆ. ಖಾಲಿ ಸೀಟು ಕಂಡರೆ ಬಸ್ಸು ಹೊರಡುವುದಿಲ್ಲ. ಬಾಯಲ್ಲಿ ಎಣಿಸಿದಂತೆಯೂ ಆಗಲಿಲ್ಲ, ಯಾರೂ ಉಳಿಯಲೂ ಇಲ್ಲ. ಮುಂದೆ ಬೆರಳೊತ್ತುವ ಮಿಷನ್ ಬಂತು, ಆಮೇಲೆ ಎಲ್ಲರ ಹಾಜರಿಯೂ ಫೋನಿಗೇ ಬಂತು. ಸೀಟಿನ ಪದ್ಧತಿಯನ್ನು ಮಾತ್ರ ನಾನು ಕಡೆಯವರೆಗೂ ಬಿಡಲಿಲ್ಲ.

ಡಿಗ್ರಿಗೆ ಸೇರುವ ಮೊದಲು ಸಾಲಿಂ ಸಾಹೇಬರನ್ನು ಕೇಳಬೇಕಾಯಿತು. ಕ್ಲಾಸುಗಳು ಪ್ರತಿ ಶುಕ್ರವಾರ, ಬೆಳಗ್ಗೆಯಿಂದ ಸಂಜೆಯವರೆಗೆ. ಶುಕ್ರವಾರ ಅಲ್ಲಿ ವಾರದ ರಜೆ. ಆದರೆ ಗಿಡಗಳಿಗೆ ರಜೆ ಇಲ್ಲವಾದ್ದರಿಂದ ನಮಗೆ ಒಂದು ಬಿಟ್ಟು ಒಂದು ಶುಕ್ರವಾರ ಡ್ಯೂಟಿ ಬೀಳುತ್ತಿತ್ತು.

"ಡ್ರೈವರ್‌ಗೆ ಬಿಸಿನೆಸ್ ಓದು ಯಾಕೆ?" ಎಂದರು.

"ಹೆಂಡತಿಗೋಸ್ಕರ."

"ಅವಳು ಬಿಸಿನೆಸ್ ಮಾಡುತ್ತಾಳಾ?"

"ಇಲ್ಲ ಸಾಹೇಬರೇ, ಕುರಿ ನೋಡ್ಕೊಳ್ತಾಳೆ. ಅವಳು ಇಲ್ಲಿಗೆ ಬರಬೇಕು."

"ನಿನ್ನ ಶುಕ್ರವಾರಕ್ಕೆ ಯಾರನ್ನಾದರೂ ಹುಡುಕಿಕೊ. ಪಾಸಾದ ಕಾಗದ ತಂದರೆ ಹುದ್ದೆ ಬದಲಾಯಿಸಿ ಕೊಡುತ್ತೇನೆ. ಆದರೆ ನಾನು ಈ ಕುರ್ಚಿಯಲ್ಲಿ ಇರುವವರೆಗೆ. ನನ್ನ ಹಿಂದೆ ಬರುವವನ ಮಾತು ನಾನು ಆಡಲಾರೆ" ಎಂದರು. ಅವರಿಗೆ ಆಗಲೇ ವಯಸ್ಸಾಗಿತ್ತು.

ಶುಕ್ರವಾರಕ್ಕೆ ಸಿಕ್ಕವನು ತಿಪ್ಪೇಸ್ವಾಮಿ. ಅಷ್ಟೊತ್ತಿಗೆ ಅವನಿಗೆ ಲೈಸೆನ್ಸ್ ಬಂದಿತ್ತು. "ನನ್ನ ಬಿಟ್ಟು ಬಂದ ಮನುಷ್ಯ ನೀನು, ನಿಂಗೆ ಯಾಕೆ ಸಹಾಯ ಮಾಡ್ಬೇಕು?" ಎನ್ನುತ್ತಲೇ ಒಪ್ಪಿಕೊಂಡ. ಅದಕ್ಕೆ ಬದಲಾಗಿ ಅವನ ಬಟ್ಟೆಯನ್ನು ನಾನು ಒಗೆಯಬೇಕು ಎಂದು ಕರಾರು. ಒಗೆದೆ. ಅವನ ಪ್ಯಾಂಟಿನ ಜೇಬಿನಲ್ಲಿ ಯಾವಾಗಲೂ ಕಡಲೆಕಾಯಿ ಸಿಪ್ಪೆ ಇರುತ್ತಿತ್ತು.

ದುಡಿಯುತ್ತ ಓದುವವರಿಗೆ ಹೊತ್ತು ಎಲ್ಲಿಂದ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಬೇಸಿಗೆ ಕೊಟ್ಟಿತು. ಬೇಸಿಗೆಯ ತಿಂಗಳುಗಳಲ್ಲಿ ನೆತ್ತಿಯ ಮೇಲೆ ಸೂರ್ಯನಿದ್ದಾಗ ಹೊರಗಿನ ಕೆಲಸ ಮಾಡಿಸುವಂತಿಲ್ಲ ಎಂದು ಅಲ್ಲಿ ಕಾನೂನಿದೆ. ಜನ ನೆರಳು ಹುಡುಕಿ ಮಲಗುತ್ತಿದ್ದರು. ನಾನು ಸೇತುವೆಯ ಕೆಳಗೆ ಬಸ್ಸು ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆಗೆದು, ಕಡೆಯ ಸೀಟಿನಲ್ಲಿ ಪುಸ್ತಕ ಬಿಚ್ಚುತ್ತಿದ್ದೆ. ಹಾಸಿಗೆಯ ಮೇಲೆ ಓದಲು ಹೋಗಬಾರದು. ದುಡಿದ ಮೈಗೆ ಹಾಸಿಗೆ ಎಂದರೆ ಒಂದೇ ಅರ್ಥ. ಬಸ್ಸಿನ ಸೀಟಿನಲ್ಲಿ ಬೆನ್ನು ನೋಯುತ್ತದೆ, ಆದ್ದರಿಂದ ಎಚ್ಚರವಿರುತ್ತದೆ.

ಕ್ಲಾಸು ನಡೆಯುತ್ತಿದ್ದದ್ದು ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಲೆಕ್ಕಪತ್ರವನ್ನೂ ವ್ಯಾಪಾರದ ಕಾಯಿದೆಯನ್ನೂ ಕಲಿಸುತ್ತಿದ್ದವರು ಕೇರಳದ ಶೈಲಜಾ ಮೇಡಂ. ಅವರೂ ವಾರವೆಲ್ಲ ಬೇರೆ ಕಡೆ ದುಡಿದು ಬರುತ್ತಿದ್ದರು. ಮಧ್ಯಾಹ್ನದ ಮೇಲೆ ಅವರೂ ಆಕಳಿಸುತ್ತಿದ್ದರು, ನಾವೂ ಆಕಳಿಸುತ್ತಿದ್ದೆವು. ಒಂದು ಸಲ ಪಾಲುದಾರಿಕೆಯ ಬಗ್ಗೆ ಪ್ರಶ್ನೆ ಕೊಟ್ಟರು. ಪಾಲುದಾರರಲ್ಲಿ ನಷ್ಟವನ್ನು ಹೇಗೆ ಹಂಚಬೇಕು ಎಂದು. ನನಗೆ ಗೊತ್ತಿರುವ ವಿಷಯ ಸಿಕ್ಕಿತಲ್ಲ ಎಂದು ಹಿಗ್ಗಿ, ಕುರಿಯನ್ನು ಪಾಲಿಗೆ ಕೊಡುವ ನಮ್ಮ ಪದ್ಧತಿಯನ್ನು ಎರಡು ಪುಟ ಬರೆದೆ. ಒಬ್ಬರ ಕುರಿಯನ್ನು ಇನ್ನೊಬ್ಬರು ಸಾಕುತ್ತಾರೆ, ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಸಮಪಾಲು. ಕುರಿ ಸತ್ತರೆ ಸಾಕಿದವನು ಚರ್ಮ ತಂದು ತೋರಿಸಿದರೆ ಸಾಕು, ಒಡೆಯ ಮಾತಾಡುವಂತಿಲ್ಲ. ಗೊತ್ತು ಮಾಡಿಕೊಂಡ ಗಡುವು ಮುಗಿಯುವವರೆಗೆ ಕುರಿಯನ್ನು ವಾಪಸ್ ಕೇಳುವಂತಿಲ್ಲ. ಸುಮ್ಮಸುಮ್ಮನೆ ಹೋಗಿ ನೋಡಿಕೊಂಡು ಬಂದರೂ ಅವನ ಮೇಲೆ ಅನುಮಾನಪಟ್ಟ ಹಾಗೆ.

ಮೇಡಂ ಅದನ್ನು ಪೂರ್ತಿ ಓದಿ ಸೊನ್ನೆ ಹಾಕಿದರು. "ಚಿಕ್ಕಣ್ಣ, ನನಗೆ ಇಷ್ಟವಾಯಿತು. ಆದರೆ ಪ್ರಶ್ನೆ ಕೇಳಿದ್ದು ಕಾಯಿದೆಯನ್ನು. ಕಾಯಿದೆ ಎಲ್ಲಿದೆ ಇದರಲ್ಲಿ?" ಎಂದರು. ಹುಡುಕಿದೆ, ಎಲ್ಲೂ ಇರಲಿಲ್ಲ. ಅವರು ಹೇಳಿದ್ದು ಸರಿ. ಅನುಭವ ಇರುವವನಿಗೆ ಪರೀಕ್ಷೆಯಲ್ಲಿ ಇದೊಂದು ಅಪಾಯ. ಕೇಳಿದ್ದನ್ನು ಬಿಟ್ಟು ಗೊತ್ತಿದ್ದನ್ನು ಬರೆಯುತ್ತಾನೆ.

ನಡುವೆ ಒಂದು ರಜೆಗೆ ಬಂದಾಗ ಪುಸ್ತಕವನ್ನೂ ತಂದಿದ್ದೆ. ಹಟ್ಟಿಯಲ್ಲಿ ಓದಲು ಬಿಡುವವರಿಲ್ಲ. ಕೆಂಚಮ್ಮನೇ, "ದುರ್ಗಕ್ಕೆ ಹೋಗಾಣ ನಡಿ" ಎಂದಳು. ಇಬ್ಬರೂ ಬಸ್ಸು ಹತ್ತಿ ಹೋಗಿ ಚಂದ್ರವಳ್ಳಿಯ ಕೆರೆಯ ದಂಡೆಯಲ್ಲಿ ಒಂದು ಬಂಡೆಯ ನೆರಳು ಹಿಡಿದು ಕೂತೆವು. ಅವಳು ಏಳನೇ ಕ್ಲಾಸಿನವರೆಗೆ ಓದಿದ್ದಳು. ನಾನು ಕನ್ನಡದಲ್ಲಿ ಮಾಡಿಕೊಂಡಿದ್ದ ಟಿಪ್ಪಣಿಯನ್ನು ಹಿಡಿದು ಮೇಷ್ಟ್ರ ಹಾಗೆ ಪ್ರಶ್ನೆ ಕೇಳಿದಳು.

"ಸವಕಳಿ ಎಂದರೇನು? ಹೇಳು ಮಾವ."

"ಒಂದು ಮಿಷನ್ನೋ ಗಾಡಿಯೋ ಬಳಸ್ತಾ ಬಳಸ್ತಾ ವರ್ಷ ವರ್ಷ ಅದರ ಬೆಲೆ ಕಮ್ಮಿ ಆಗೋದು."

"ಬಳಸದೆ ಸುಮ್ನೆ ಇಟ್ರೆ?"

"ಆಗ್ಲೂ ಕಮ್ಮಿ ಆಗುತ್ತೆ."

"ಹಂಗಾದ್ರೆ ನಾನೇ ಬಿಡು" ಎಂದು ನಕ್ಕು ಮುಂದಿನ ಪ್ರಶ್ನೆಗೆ ಹೋದಳು. ನಾನು ಅದರ ಉತ್ತರವನ್ನು ತಪ್ಪಾಗಿ ಹೇಳಿದೆ.

ಕಡೆಯ ವರ್ಷದ ಪರೀಕ್ಷೆ ಬರೆದು ಬಂದ ದಿನ ಫೋನಿನಲ್ಲಿ ಅವಳಿಗೆ, "ಪಾಸಾಗ್ತೀನಿ" ಎಂದೆ. ಹಾಗೆ ಹೇಳಲು ನನ್ನ ಹತ್ತಿರ ಆಧಾರವೇನೂ ಇರಲಿಲ್ಲ. ಚೆನ್ನಾಗಿ ಬರೆದೆ ಅನ್ನಿಸಿತ್ತು, ಅಷ್ಟೆ. ಫಲಿತಾಂಶ ಬಂದಾಗ ಲೆಕ್ಕಪತ್ರದಲ್ಲಿ ಹೋಗಿತ್ತು. ಉಳಿದ ಎಲ್ಲದರಲ್ಲೂ ಪಾಸು. ಅಂದು ಸಂಜೆ ಊರಿಗೆ ಫೋನ್ ಮಾಡಿದೆ.

"ಏನಾಯ್ತು ಮಾವ?"

"ಒಂದ್ರಾಗೆ ಹೋಯ್ತು."

"ಯಾವುದು, ಆ ಲೆಕ್ಕದ್ದಾ?"

"ಅದೇ."

ಆ ಹೊತ್ತಿಗೆ ಕುರಿ ರೊಪ್ಪಕ್ಕೆ ಬಂದಿರುತ್ತವೆ, ಹಿಂದಿನಿಂದ ಸದ್ದು ಕೇಳಬೇಕು. ಕೇಳಲಿಲ್ಲ. "ಕುರಿ ಇನ್ನೂ ಬಂದಿಲ್ವಾ?" ಎಂದೆ.

"ಕುರಿ ಎಲ್ಲವೆ ಮಾವ? ಯುಗಾದಿಗೇ ನಮ್ಮಣ್ಣಂಗೆ ಪಾಲಿಗೆ ಹಾಕ್ದೆ."

"ಅಷ್ಟು ಅವಸರ ಯಾಕೆ ಮಾಡ್ದೆ?"

"ನೀನು ಪಾಸಾಗ್ತೀನಿ ಅಂದ್ಯಲ್ಲ."

ನಮ್ಮಲ್ಲಿ ಪಾಲಿನ ಮಾತು ಯುಗಾದಿಯಿಂದ ಯುಗಾದಿಗೆ. ಆಗ ಕೊಡದಿದ್ದರೆ ಮುಂದಿನ ಯುಗಾದಿಯವರೆಗೆ ಅವಳು ಊರು ಬಿಡುವಂತಿರಲಿಲ್ಲ. ಅದಕ್ಕೇ ನನ್ನ ಮಾತು ನಂಬಿ ಕೊಟ್ಟಿದ್ದಳು. ನಾನು ಬುದ್ಧಿಯಿಲ್ಲದೆ, "ನಿಮ್ಮಣ್ಣನೇ ಅಲ್ವಾ, ವಾಪಸ್ ಕೇಳು" ಎಂದೆ.

"ಅದೆಂಗೆ ಕೇಳ್ಲಿ? ಇಷ್ಟು ವರ್ಷ ಓದೀಯ, ಅಷ್ಟು ಗೊತ್ತಾಗಲ್ವಾ?" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿ ಕೇಳುತ್ತಿದ್ದಳು. ಆಮೇಲೆ, "ಇನ್ನೊಂದ್ ಸಲ ಬರಿಯಕ್ಕೆ ಐತಾ?" ಎಂದಳು.

"ಐತೆ. ಆರು ತಿಂಗ್ಳಾಗುತ್ತೆ."

"ಬರಿ. ನಾನೇನು ಎಲ್ಲಿಗೋ ಹೊಂಟಿಲ್ವಲ್ಲ."

ಆ ಆರು ತಿಂಗಳು ಅವಳು ಬೇರೆಯವರ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಕೂಲಿಗೆ ಹೋದಳು. ಕೈಗೆ ಕೆಲಸವಿಲ್ಲದೆ ಕೂತು ಅಭ್ಯಾಸವಿರಲಿಲ್ಲ. ಗಂಡ ಮಸ್ಕತ್ತಿನಲ್ಲಿದ್ದಾನೆ, ಇವಳು ಕೂಲಿ ಮಾಡುತ್ತಾಳೆ ಎಂದು ಜನ ಆಡಿಕೊಂಡರು. ಅಣ್ಣನ ಹಟ್ಟಿಯ ಮುಂದೆ ಹಾದುಹೋಗುವಾಗ ಕುರಿಗಳ ಕಡೆ ತಿರುಗಿ ನೋಡುತ್ತಿರಲಿಲ್ಲವಂತೆ. ಅವು ಮಾತ್ರ ಅವಳನ್ನು ಕಂಡರೆ ಕೂಗುತ್ತಿದ್ದವು. ಇದನ್ನೆಲ್ಲ ಅವಳು ಬಹಳ ವರ್ಷಗಳ ಮೇಲೆ ಸಹಜವಾಗಿ, ಯಾವುದೋ ಮಾತಿನ ನಡುವೆ ಹೇಳಿದಳು.

ಮಸ್ಕತ್ತಿನಲ್ಲಿ ಇನ್ನೊಂದು ಸುದ್ದಿ ಕಾದಿತ್ತು. ಸಾಲಿಂ ಸಾಹೇಬರು ಆ ವರ್ಷದ ಕಡೆಗೆ ಕೆಲಸ ಬಿಡುತ್ತಾರೆಂದು ಆಫೀಸಿನಲ್ಲಿ ಹೇಳಿಕೊಳ್ಳುತ್ತಿದ್ದರು. ಪರೀಕ್ಷೆ ಬರೆದು ಫಲಿತಾಂಶ ಬರುವಷ್ಟರಲ್ಲಿ ಅವರು ಇರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಹೋಗಿ ಕೇಳಲು ಧೈರ್ಯ ಬರಲಿಲ್ಲ. ತಿಪ್ಪೇಸ್ವಾಮಿ, "ಕೇಳ್ಬೇಡ. ಕೇಳಿದ್ರೆ ಇಲ್ಲ ಅನ್ನಕ್ಕೆ ಅವ್ರಿಗೆ ದಾರಿ ಆಗುತ್ತೆ. ಸುಮ್ನೆ ಓದು" ಎಂದ. ಅವನ ಶುಕ್ರವಾರಗಳು ಮತ್ತೆ ಹೋದವು. ಈ ಸಲ ಬಟ್ಟೆಯ ಕರಾರನ್ನು ಅವನೇ ರದ್ದು ಮಾಡಿದ. "ನೀನು ಒಗೆದ್ರೆ ಬಣ್ಣ ಬಿಡ್ತವೆ" ಎಂಬ ನೆಪ ಹೇಳಿದ.

ಶೈಲಜಾ ಮೇಡಂ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದುಕೊಟ್ಟರು. ಸೇತುವೆಯ ಕೆಳಗೆ ಕೂತು ಅವೇ ಲೆಕ್ಕಗಳನ್ನು ಮತ್ತೆ ಮತ್ತೆ ಮಾಡಿದೆ. ಅರ್ಥವಾಗಿ ಮಾಡಿದ್ದು ಕಡಿಮೆ, ಕೈಗೆ ಕೂತು ಮಾಡಿದ್ದು ಹೆಚ್ಚು. ಗೇರು ಹಾಕುವುದನ್ನೂ ನಾನು ಹಾಗೆಯೇ ಕಲಿತದ್ದು. ಓದಿದ್ದೆಲ್ಲ ಅರ್ಥವಾಗಬೇಕು ಎಂದು ದೊಡ್ಡವರು ಹೇಳುತ್ತಾರೆ. ಪಾಸಾಗಲೇಬೇಕಾದವನಿಗೆ ಕೆಲವು ಸಲ ಅಷ್ಟು ಹೊತ್ತು ಇರುವುದಿಲ್ಲ.

ಪಾಸಾದೆ. ತೀರ ಅಂಚಿನಲ್ಲಿ. ಕಾಗದ ಹಿಡಿದುಕೊಂಡು ಆಫೀಸಿಗೆ ಹೋದಾಗ ಸಾಲಿಂ ಸಾಹೇಬರ ಮೇಜಿನ ಮೇಲಿನ ಸಾಮಾನನ್ನು ಒಬ್ಬ ಪೆಟ್ಟಿಗೆಗೆ ತುಂಬುತ್ತಿದ್ದ. ಅವರು ಕಾಗದ ನೋಡಿ, "ಇಷ್ಟು ತಡ ಯಾಕೆ?" ಎಂದರು. ಕಾರಣ ಹೇಳಲು ಬಾಯಿ ತೆಗೆದೆ. ಕೈ ಎತ್ತಿ ತಡೆದರು. ಪೆಟ್ಟಿಗೆಗೆ ಹಾಕಿದ್ದ ಪೆನ್ನನ್ನು ಹುಡುಕಿ ಹೊರಗೆ ತೆಗೆಸಿ, ಹುದ್ದೆಯ ಕಾಗದಕ್ಕೂ ವೀಸಾದ ಕಾಗದಕ್ಕೂ ಸಹಿ ಮಾಡಿದರು. "ಅವಳು ಬಂದ ಮೇಲೆ ಮನೆಗೆ ಕರೆದುಕೊಂಡು ಬಾ" ಎಂದರು. ಹೋಗಿದ್ದೆವು. ಅವರ ಹೆಂಡತಿಯೂ ಕೆಂಚಮ್ಮನೂ ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಒಂದು ಮಧ್ಯಾಹ್ನ ಪೂರ್ತಿ ಆಡುಗಳ ಬಗ್ಗೆ ಮಾತಾಡಿದರು.

ಹೊಸ ಕುರ್ಚಿಯ ಕೆಲಸದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಓದಿದ್ದರಲ್ಲಿ ಅಲ್ಲಿ ಬಳಕೆಗೆ ಬಂದದ್ದು ಸ್ವಲ್ಪ. ಅವಳು ನನ್ನ ಜೊತೆ ಅಲ್ಲಿ ಇದ್ದದ್ದು ಮೂರು ವರ್ಷ ಚಿಲ್ಲರೆ. ಆಮೇಲೆ ನನಗೆ ವಯಸ್ಸಾಯಿತು, ಇಬ್ಬರೂ ಹಿರಿಯೂರಿಗೆ ಬಂದೆವು, ಅವಳಿಗೆ ಕಾಯಿಲೆ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷಕ್ಕೆ ಅಷ್ಟು ಓದಬೇಕಿತ್ತಾ ಎಂದು ಲಾವಣ್ಯ ಕೇಳಬಹುದು. ಅದಕ್ಕೆ ಒಂದು ದಿನದ ಸಂಗತಿ ಹೇಳುತ್ತೇನೆ.

ಅವಳು ಬಂದಿಳಿದ ಮೇಲಿನ ಮೊದಲ ಶುಕ್ರವಾರ. ಒಂದೇ ಕೋಣೆಯ ಬಾಡಿಗೆ ಮನೆ, ಕಿಟಕಿಯ ಕೆಳಗೆ ಕಾರುಗಳು ನಿಲ್ಲುವ ಜಾಗ. ನಾನು ಎದ್ದು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿ, ಪುಸ್ತಕದ ಬ್ಯಾಗನ್ನು ಹೆಗಲಿಗೇರಿಸಿ ಬಾಗಿಲ ಹತ್ತಿರ ಶೂ ಕಟ್ಟುತ್ತಿದ್ದೆ. ಇಷ್ಟು ವರ್ಷದ ಅಭ್ಯಾಸ. ಕೆಂಚಮ್ಮ ಒಲೆಯ ಹತ್ತಿರದಿಂದ ತಿರುಗಿ ನೋಡಿದಳು.

"ಎಲ್ಲಿಗೆ ಹೊಂಟೆ ಮಾವ?"

ಯೋಚಿಸಿದೆ. ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ. "ಎಲ್ಲಿಗೂ ಇಲ್ಲ" ಎಂದೆ.

"ಹಂಗಾದ್ರೆ ಕುಂತ್ಕ."

ಶೂ ಬಿಚ್ಚಿ ಕೂತೆ. ಅವಳು ಟೀ ತಂದಿಟ್ಟು ಎದುರಿಗೆ ಕೂತಳು. ಊರಿನ ಸುದ್ದಿ ಹೇಳಿದಳು, ಅಣ್ಣನ ಹತ್ತಿರವಿರುವ ಕುರಿಗಳಲ್ಲಿ ಯಾವುದು ಈದಿದೆ ಎಂದು ಹೇಳಿದಳು. ನಾನು ತಿಪ್ಪೇಸ್ವಾಮಿಯ ಸುದ್ದಿ ಹೇಳಿದೆ. ಆಮೇಲೆ ಇಬ್ಬರಲ್ಲೂ ಹೇಳಲು ಏನೂ ಉಳಿಯಲಿಲ್ಲ. ಅಷ್ಟು ವರ್ಷ, ಮಾತು ಮುಗಿದರೆ ಫೋನ್ ಇಡಬೇಕಾಗಿತ್ತು. ಅವತ್ತು ಮಾತು ಮುಗಿದ ಮೇಲೂ ನಾವಿಬ್ಬರೂ ಹಾಗೇ ಕೂತಿದ್ದೆವು.